ಎರಡು ಸಲ ಹೊಡೆದ ಬೆಲ್

ಮಂಗಳವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಠಾಣೆಗೆ ಬಂದ ದೂರುದಾರರು ಅಪರಾಧಿ ಯಾರೆಂಬುದನ್ನೂ ತೀರ್ಮಾನಿಸಿಕೊಂಡೇ ಬಂದಿದ್ದರು. ಇಂಥವರನ್ನು ಕಂಡರೆ ಇನ್ಸ್‌ಪೆಕ್ಟರಿಗೆ ಒಳಗೊಳಗೇ ಅಳುಕು. ಏನೂ ಗೊತ್ತಿಲ್ಲ ಎನ್ನುವವರಿಂದ ಒಂದಾದರೂ ನಿಜ ಹೊರಬೀಳುತ್ತದೆ. ಎಲ್ಲ ಗೊತ್ತಿದೆ ಎನ್ನುವವರ ಹತ್ತಿರ ಅರ್ಧ ದಿನ ಸುಮ್ಮನೆ ಹೋಗುತ್ತದೆ.

ಬಂದವರು ಹಾಸಿಗೆ ಹಿಡಿದವರ ಆರೈಕೆ ಕೇಂದ್ರದ ಮ್ಯಾನೇಜರ್. ಬೆವರು ಒರೆಸಿಕೊಳ್ಳುತ್ತಾ ಕುರ್ಚಿಯ ತುದಿಯಲ್ಲಿ ಕೂತರು.

“ನಮ್ಮ ದೊಡ್ಡ ಸಿಸ್ಟರ್ ಮೇಲೆ ಹಲ್ಲೆ ಆಗಿದೆ. ಬಟ್ಟೆ ಕೋಣೇಲಿ ಬಿದ್ದಿದ್ರು, ತಲೆ ಒಡೆದಿದೆ. ಆಸ್ಪತ್ರೆಗೆ ಸೇರಿಸಿದೀವಿ, ಇನ್ನೂ ಪ್ರಜ್ಞೆ ಬಂದಿಲ್ಲ.”

“ನೋಡಿದವರು ಯಾರು?”

“ಯಾರೂ ನೋಡಿಲ್ಲ. ಮಾಡಿದವಳು ಹೊಸಬಳೇ.”

“ಯಾರೂ ನೋಡಿಲ್ಲ ಅಂದ್ರಲ್ಲ.”

“ಎಲ್ಲಾರಿಗೂ ಗೊತ್ತು ಸಾರ್. ಸಿಸ್ಟರನ್ನ ಕಂಡ್ರೆ ಅವಳಿಗೆ ಆಗಲ್ಲ. ಸಂಜೆಯೊಳಗೆ ಕರ್ಕೊಂಡು ಹೋಗಿಬಿಟ್ರೆ ಒಳ್ಳೇದು. ಪೇಷಂಟ್‌ಗಳ ಮನೆಯವರಿಗೆ ನಾನು ಉತ್ತರ ಹೇಳ್ಬೇಕಲ್ಲ.”

“ಹೊಸಬಳು ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತು?”

ಮ್ಯಾನೇಜರ್ ಚಾವಣಿ ನೋಡಿದರು. “ಒಂದು ವರ್ಷದ ಮೇಲಾಯ್ತು ಅನ್ಸತ್ತೆ.”

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಒಮ್ಮೆ ಕೆಮ್ಮಿದರು. ಠಾಣೆಯಲ್ಲಿ ಎಲ್ಲರೂ ಆಕೆಯನ್ನು ದಫೇದಾರಮ್ಮ ಎಂದೇ ಕರೆಯುವುದು. “ನಾನು ಮದುವೆ ಆಗಿ ಬಂದಾಗ ಆರೇ ತಿಂಗಳಿಗೆ ಹಳಬಳಾಗಿದ್ದೆ ಸಾರ್” ಎಂದರು.

ಎಫ್‌ಐಆರ್ ದಾಖಲಾಯಿತು. ಆರೈಕೆಯ ಕೆಲಸಕ್ಕೆ ಯಾರನ್ನು ಸೇರಿಸಿಕೊಳ್ಳಬೇಕಾದರೂ ಪೊಲೀಸ್ ಪರಿಶೀಲನೆ ಕೇಳುತ್ತಾರೆ. ಒಂದು ಸಲ ಹಲ್ಲೆ ಕೇಸಿನಲ್ಲಿ ಸಿಕ್ಕಿಕೊಂಡರೆ ಆ ಹುಡುಗಿಗೆ ಮುಂದೆ ಯಾವ ಆಸ್ಪತ್ರೆಯ ಬಾಗಿಲೂ ತೆರೆಯುವುದಿಲ್ಲ. ಇದು ಗೊತ್ತಿದ್ದೇ ಇನ್ಸ್‌ಪೆಕ್ಟರ್ ಆರೋಪಿಯ ಜಾಗದಲ್ಲಿ ‘ಅಪರಿಚಿತ ವ್ಯಕ್ತಿ’ ಎಂದು ಬರೆಸಿದರು. ಮ್ಯಾನೇಜರ್ ಮುಖ ಸಪ್ಪೆಯಾಯಿತು.

ಆರೈಕೆ ಕೇಂದ್ರ ಒಂದು ಉದ್ದನೆಯ ಹಾಲ್. ಎರಡು ಸಾಲು ಹಾಸಿಗೆ, ನಡುವೆ ಓಡಾಡುವ ದಾರಿ. ಪ್ರತಿ ಹಾಸಿಗೆಯ ತಲೆಯ ಹತ್ತಿರ ಬೆಲ್ಲಿನ ಗುಂಡಿ, ಮೇಲೆ ಕೆಂಪು ದೀಪ. ನೆಲ ಒರೆಸಿದ ಔಷಧಿಯ ವಾಸನೆಗೆ ಮೂಗು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಎಡ ಸಾಲಿನ ಕೊನೆಯ ಹಾಸಿಗೆ ಖಾಲಿ ಇತ್ತು. ಅದರ ಪಕ್ಕದ ಬಾಗಿಲೇ ಬಟ್ಟೆ ಕೋಣೆಯದು. ಅಲ್ಲಿಂದ ಹಿತ್ತಲಿಗೆ ಇನ್ನೊಂದು ಬಾಗಿಲು. ಹಿತ್ತಲಲ್ಲಿ ಬಟ್ಟೆ ಒಗೆಯುವವಳು ಹಾಸುಬಟ್ಟೆ ಹರವುತ್ತಿದ್ದಳು.

ಪಂಚನಾಮೆ ಅಲ್ಲಿ ಶುರುವಾಯಿತು. ಒಗೆದ ಹಾಸುಬಟ್ಟೆಗಳು ಕಬ್ಬಿಣದ ಕಪಾಟಿನಲ್ಲಿ ಕತ್ತರಿಸಿಟ್ಟ ಹಾಗೆ ಒಪ್ಪವಾಗಿದ್ದವು. ಕಪಾಟಿನ ಒಂದು ಮೂಲೆಗೆ, ನಿಂತ ಮನುಷ್ಯರ ತಲೆಯ ಎತ್ತರದಲ್ಲಿ, ರಕ್ತ ಅಂಟಿತ್ತು. ನೆಲದ ಮೇಲೆ ಮಡಚಿದ ಟವೆಲ್ ಒಂದು, ಸುರುಳಿ ಸುತ್ತಿದ ಕಂಬಳಿ ಒಂದು. ಒಂದು ಹಾಸುಬಟ್ಟೆಯ ತುದಿಯನ್ನು ಕಪಾಟಿನ ಕಾಲಿಗೆ ಬಿಗಿಯಾಗಿ ಗಂಟು ಹಾಕಲಾಗಿತ್ತು.

ಕೇಂದ್ರದ ದಿಂಬು ವಾಪಸು ಕೊಡಲು ಬಂದಿದ್ದ ಆಂಬುಲೆನ್ಸ್ ಚಾಲಕನನ್ನು ಇನ್ಸ್‌ಪೆಕ್ಟರ್ ಒಳಗೆ ಕರೆದರು.

“ನೀನು ಬಂದಾಗ ಹೇಗೆ ಬಿದ್ದಿದ್ರು?”

“ಬಿದ್ದಿರಲಿಲ್ಲ ಸಾರ್. ಮಲಗಿಸಿದ್ರು.”

“ಅಂದ್ರೆ?”

“ಎಡ ಮಗ್ಗುಲಿಗೆ. ಬೆನ್ನ ಹಿಂದೆ ಆ ಕಂಬಳಿ, ಮಂಡಿ ಮಧ್ಯ ಈ ದಿಂಬು. ವಾಂತಿ ಆಗಿತ್ತು, ಆದ್ರೆ ಬಾಯಿ ಒರೆಸಿದ್ರು. ಅಂಗಾತ ಬಿದ್ದಿದ್ರೆ ವಾಂತಿ ಉಸಿರಿಗೆ ಸಿಕ್ಕಿ ಅಲ್ಲೇ ಮುಗೀತಿತ್ತು. ಡಾಕ್ಟ್ರೂ ಅದನ್ನೇ ಅಂದ್ರು.”

ದಫೇದಾರಮ್ಮ ಮಡಚಿದ ಟವೆಲನ್ನು ನೋಡುತ್ತಿದ್ದರು. “ಇದು ಕಾಲಿನ ಹತ್ರ ಇತ್ತಾ?”

“ಹೌದು, ಹಿಮ್ಮಡಿ ಕೆಳಗೆ.”

“ಹಿಮ್ಮಡಿ ನೆಲಕ್ಕೆ ತಾಕಿದ್ರೆ ಹುಣ್ಣಾಗತ್ತೆ ಸಾರ್. ನಮ್ಮತ್ತೆ ಹಾಸಿಗೆ ಹಿಡಿದಾಗ ನಾನೂ ಇಡ್ತಿದ್ದೆ” ಎಂದರು ದಫೇದಾರಮ್ಮ. “ಆದ್ರೆ ತಲೆ ಒಡ್ಕೊಂಡು ಬಿದ್ದವರಿಗೆ ಯಾರೂ ಹಿಮ್ಮಡಿ ನೋಡೋಕೆ ಹೋಗಲ್ಲ. ಇದು ಕೈಗೆ ಅಂಟಿದ ಅಭ್ಯಾಸ.”

ತಲೆ ಒಡೆದ ಕೈಯೇ ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟಿತೇ, ಅಥವಾ ಇವು ಬೇರೆ ಬೇರೆ ಕೈಗಳೇ? ಇನ್ಸ್‌ಪೆಕ್ಟರ್ ಇದನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರು.

ಸಿಸ್ಟರನ್ನು ಮೊದಲು ಕಂಡವನು ಒಬ್ಬ ಅಟೆಂಡರ್. ಬಾಗಿಲು ತುಂಬುವಷ್ಟು ದೊಡ್ಡ ಆಳಾದ್ದರಿಂದ ಎಲ್ಲರಿಗೂ ಅವನು ಪೈಲ್ವಾನ. ಇನ್ಸ್‌ಪೆಕ್ಟರ್ ಮುಂದೆ ಮಾತ್ರ ಕೈಕಟ್ಟಿಕೊಂಡು ಒಳ್ಳೆ ಶಾಲೆಯ ಹುಡುಗನ ಹಾಗೆ ನಿಂತಿದ್ದ.

“ಎಷ್ಟು ಹೊತ್ತಿಗೆ ನೋಡಿದೆ?”

“ಹನ್ನೊಂದು ಗಂಟೆ ಸುಮಾರಿಗೆ ಸಾರ್. ಖಾಲಿ ಹಾಸಿಗೆಯ ಬೆಲ್ ಹೊಡೀತು.”

“ಖಾಲಿ ಹಾಸಿಗೆಯದ್ದಾ?”

“ಅಲ್ಲಿ ಮಲಗ್ತಿದ್ದ ಅಜ್ಜ ಹೋದ ವಾರ ತೀರ್ಕೊಂಡಿದಾರೆ. ನನಗೆ ಎದೆ ಧಸಕ್ ಅಂತು. ಆದ್ರೂ ಹೋದೆ. ನೋಡಿದ್ರೆ ಬಟ್ಟೆ ಕೋಣೆ ಬಾಗಿಲು ತೆಗೆದಿತ್ತು.”

“ಒಂದೇ ಸಲ ಹೊಡೀತಾ?”

ಪೈಲ್ವಾನ ಕಾಲು ಬದಲಿಸಿ ನಿಂತ. “ಅದಕ್ಕೂ ಮುಂಚೆ ಹೊಡೆದಿತ್ತು. ಎರಡು ಸಲ.”

“ಆಗ ಯಾಕೆ ಹೋಗ್ಲಿಲ್ಲ?”

“ಒಂದು ಸಲ ಹೊಡೆದ್ರೆ ಪೇಷಂಟ್ ಕರೀತಿದಾರೆ ಅಂತ. ಎರಡು ಸಲ ಹೊಡೆದ್ರೆ ಕೆಲಸದವರು ಕರೀತಿದಾರೆ, ಜೋಡಿ ಬೇಕು ಅಂತ. ಪೇಷಂಟನ್ನ ಮಗ್ಗುಲು ತಿರುಗಿಸೋಕೆ ಇಬ್ರು ಬೇಕಲ್ಲ ಸಾರ್.”

“ಸರಿ. ಯಾಕೆ ಹೋಗ್ಲಿಲ್ಲ?”

“ಆ ಸಾಲು ಹೊಸಬಳದು.”

ಇಷ್ಟು ಹೇಳಿದರೆ ಎಲ್ಲ ಹೇಳಿದ ಹಾಗೆ ಎಂಬಂತೆ ಪೈಲ್ವಾನ ಸುಮ್ಮನಾದ. ಮುಂದೆ ಕೇಳಿದ್ದಕ್ಕೆಲ್ಲ ನೆಲ ನೋಡಿಕೊಂಡೇ ಉತ್ತರ ಕೊಟ್ಟ. ಹೊಸಬಳು ಎರಡು ಸಲ ಬೆಲ್ ಹೊಡೆದರೆ ಯಾರೂ ಹೋಗಬಾರದು. ದೊಡ್ಡ ಸಿಸ್ಟರ್ ಬಾಯಿಬಿಟ್ಟು ಹಾಗೆ ಹೇಳಿದ್ದು ಒಂದೇ ಸಲ, ಅದೂ ನಗುನಗುತ್ತಾ. ಆಮೇಲೆ ಹೇಳುವ ಅಗತ್ಯ ಬೀಳಲಿಲ್ಲ. ಊಟಕ್ಕೆ ಕೂತರೆ ಅವಳ ಪಕ್ಕ ಜಾಗ ಖಾಲಿ. ಅವಳು ಒಳಗೆ ಬಂದರೆ ಮಾತು ಬಂದ್.

“ನೀನು ಒಂದು ಸಲಾನೂ ಹೋಗಿಲ್ವಾ?”

“ಹೋದ್ರೆ ಮುಂದಿನ ಸರದಿ ನಂದಾಗ್ತಿತ್ತು ಸಾರ್.”

ಇನ್ಸ್‌ಪೆಕ್ಟರ್ ಹಾಲಿನ ಕಡೆ ನೋಡಿದರು. ಎಡ ಸಾಲಿನಲ್ಲಿ ಒಬ್ಬ ತೆಳ್ಳನೆಯ ಹುಡುಗಿ ಒಬ್ಬ ಮುದುಕರನ್ನು ಮಗ್ಗುಲು ಬದಲಿಸುತ್ತಿದ್ದಳು. ಮುದುಕರ ಬಲಗೈ ಜೋಲಿಯಲ್ಲಿತ್ತು. ಹುಡುಗಿ ಹಾಸುಬಟ್ಟೆಯ ಒಂದು ತುದಿಯನ್ನು ಮಂಚದ ಆ ಕಡೆಯ ಸರಳಿಗೆ ಗಂಟು ಹಾಕಿ, ಈ ಕಡೆ ಬಂದು, ಮಂಡಿ ಊರಿ ಎಳೆದಳು. ಇಬ್ಬರು ಮಾಡುವ ಕೆಲಸದಲ್ಲಿ ಇನ್ನೊಬ್ಬರ ಬದಲು ಆ ಗಂಟು ನಿಂತಿತ್ತು. ಕಪಾಟಿನ ಕಾಲಿಗೆ ಬಿಗಿದಿದ್ದೂ ಅಂಥದೇ ಗಂಟು. ಬೇರೆಯವರಿಗೆಲ್ಲ ಜೋಡಿ ಸಿಗುತ್ತಿದ್ದುದರಿಂದ ಅದನ್ನು ಕಲಿಯುವ ಗತಿ ಬಂದಿರಲಿಲ್ಲ.

ಸಂಜೆ ನಾಲ್ಕೂವರೆಗೆ ಅವಳನ್ನು ಮ್ಯಾನೇಜರ್ ಕೋಣೆಯಲ್ಲಿ ಕೂರಿಸಿದರು. ದಫೇದಾರಮ್ಮ ಹತ್ತಿರವೇ ಇದ್ದರು.

“ಸಿಸ್ಟರನ್ನ ಮಗ್ಗುಲಿಗೆ ಮಲಗಿಸಿದವಳು ನೀನು.”

ಹೊಸಬಳು ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು.

“ಬೆಲ್ ಹೊಡೆದವಳೂ ನೀನೇ. ಅಭ್ಯಾಸಬಲದಿಂದ ಎರಡು ಸಲ ಹೊಡೆದೆ. ಯಾರೂ ಬರಲಿಲ್ಲ. ಒಬ್ಬಳೇ ತಿರುಗಿಸಿದೆ. ಆಮೇಲೆ ಪೇಷಂಟ್ ಕರೆದ ಹಾಗೆ ಒಂದು ಸಲ ಹೊಡೆದೆ.”

“ಹೌದು ಸಾರ್.”

“ತಳ್ಳಿದ್ದು ಯಾರು?”

“ಗೊತ್ತಿಲ್ಲ.”

“ಗೊತ್ತಿದೆ ನಿಂಗೆ.”

ಅವಳು ತಲೆ ಎತ್ತಿದಳು. “ನಾನೇ ತಳ್ಳಿದೆ ಅಂತ ಬರ್ಕೊಳ್ಳಿ.”

“ತಳ್ಳಿದೆಯಾ?”

“ಬರ್ಕೊಳ್ಳಿ ಸಾರ್. ಎಲ್ಲಾರೂ ಅದನ್ನೇ ಹೇಳ್ತಿದಾರಲ್ಲ.”

ಬಾಗಿಲಲ್ಲಿ ಕಿವಿ ಕೊಟ್ಟು ನಿಂತಿದ್ದ ಮ್ಯಾನೇಜರ್ ಒಳಗೇ ಬಂದುಬಿಟ್ಟರು. “ಒಪ್ಕೊಂಡಳಲ್ಲ ಸಾರ್, ಇನ್ನೇನು?”

“ಇವಳು ನಿಮ್ಮ ಹತ್ರ ಯಾವಾಗಾದ್ರೂ ಕಷ್ಟ ಹೇಳ್ಕೊಂಡು ಬಂದಿದ್ಲಾ?”

“ಬಂದಿದ್ಲು. ಹೆಂಗಸರ ಜಗಳ, ನೀವು ನೀವೇ ಸರಿ ಮಾಡ್ಕೊಳ್ಳಿ ಅಂದೆ. ನಾನು ಎಷ್ಟು ಅಂತ ನೋಡ್ಲಿ?”

ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ನೋಡಿದರು. ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳುವವರನ್ನು ಅವರು ಮುಂಚೆಯೂ ನೋಡಿದ್ದರು. ಹೆಚ್ಚಿನವರು ಮಗನಿಗಾಗಿ ಹೊರುತ್ತಾರೆ, ಇಲ್ಲವೇ ಗಂಡನಿಗಾಗಿ. ಇಡೀ ವರ್ಷ ಯಾರೂ ಮಾತಾಡಿಸದ ಈ ಹುಡುಗಿ ಇಲ್ಲಿ ಯಾರಿಗಾಗಿ ಹೊರುತ್ತಿದ್ದಾಳೆ? “ಸಿಸ್ಟರಿಗೆ ಪ್ರಜ್ಞೆ ಬಂದಮೇಲೆ ಅವರ ಹೇಳಿಕೆ ತಗೊಂಡು ತೀರ್ಮಾನ ಮಾಡೋಣ. ಅಲ್ಲೀತನಕ ಇವಳು ತನ್ನ ಕೆಲಸ ಮಾಡ್ಕೊಂಡಿರ್ಲಿ” ಎಂದು ಎದ್ದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಕರೆ ಬಂತು. ದೊಡ್ಡ ಸಿಸ್ಟರಿಗೆ ಪ್ರಜ್ಞೆ ಬಂದಿತ್ತು, ಮಾತಾಡಬಹುದಂತೆ.

ಇನ್ಸ್‌ಪೆಕ್ಟರ್ ಒಬ್ಬ ಗಯ್ಯಾಳಿಯನ್ನು ಕಲ್ಪಿಸಿಕೊಂಡು ಹೋಗಿದ್ದರು. ಹಾಸಿಗೆಯಲ್ಲಿದ್ದವರು ಐವತ್ತು ದಾಟಿದ, ತೂಕದ ಮೈಯ, ದಣಿದ ಮುಖದ ಹೆಂಗಸು. ನಿಂತು ನಿಂತು ಪಾದಗಳು ಬಾತುಕೊಂಡಿದ್ದವು.

“ಯಾರು ತಳ್ಳಿದ್ರು?”

“ನೆನಪಿಲ್ಲ.”

“ತಾನೇ ತಳ್ಳಿದ್ದು ಅಂತ ಬರ್ಕೊಳ್ಳಿ ಅಂತಿದಾಳೆ ಹೊಸಬಳು.”

ಸಿಸ್ಟರ್ ಕಣ್ಣು ಅಗಲಿಸಿದರು. “ಅವಳಿಗೇನು ತಲೆ ಕೆಟ್ಟಿದ್ಯಾ? ಅವಳಲ್ಲ.”

“ಹಾಗಾದ್ರೆ ಯಾರು ಅಂತ ನೆನಪಿದೆ.”

ಇನ್ಸ್‌ಪೆಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು. “ನಿಮ್ಮನ್ನ ಮಗ್ಗುಲಿಗೆ ಮಲಗಿಸಿದವಳು ಅವಳು. ಇಲ್ಲದಿದ್ರೆ ಇವತ್ತು ನೀವು ಇರ್ತಿರಲಿಲ್ಲ ಅಂತಾರೆ ಡಾಕ್ಟ್ರು. ಒಬ್ಬಳೇ ತಿರುಗಿಸಿದಾಳೆ. ಮೊದಲು ಬೆಲ್ ಎರಡು ಸಲ ಹೊಡೆದಳು. ಯಾರೂ ಬರಲಿಲ್ಲ.”

“ಎರಡು ಸಲ ಹೊಡೆದ್ಳಾ?”

“ಹೌದು.”

ದೊಡ್ಡ ಸಿಸ್ಟರ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ದಫೇದಾರಮ್ಮ ನೀರಿನ ಲೋಟ ಮುಂದೆ ಹಿಡಿದರೆ ಬೇಡವೆಂದು ಕೈ ಆಡಿಸಿದರು. ಮಾತು ಬಂದಾಗ ಗೋಡೆಗೇ ಹೇಳಿದ ಹಾಗಿತ್ತು.

“ಮೂವತ್ತು ಹಾಸಿಗೆ, ಆರು ಜನ. ಹನ್ನೆರಡು ಇದ್ದವರನ್ನ ಆರು ಮಾಡಿದ್ರು. ಬಂದ ಮೊದಲನೇ ವಾರಾನೇ ಅವಳು ಮ್ಯಾನೇಜರ್ ಮುಂದೆ ಹೋಗಿ ಜನ ಸಾಲಲ್ಲ ಅಂದ್ಳು. ನಿಜಾನೇ ಹೇಳಿದ್ಳು. ಬೈಗುಳ ತಿಂದಿದ್ದು ನಾನು, ಹುಡುಗೀರನ್ನ ಹದ್ದುಬಸ್ತಲ್ಲಿ ಇಟ್ಕೊಳ್ಳೋಕೆ ಬರಲ್ವಾ ಅಂತ.”

“ಅದಕ್ಕೆ ಜೋಡಿ ತಪ್ಪಿಸಿದ್ರಾ?”

“ಒಬ್ಬರನ್ನ ದೂರ ಇಟ್ರೆ ಉಳಿದವರು ಬಾಯಿ ಮುಚ್ಕೊಂಡು ದುಡೀತಾರೆ. ನಮ್ಮನ್ನೂ ಹೀಗೇ ಪಳಗಿಸಿದ್ರು.” ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ಅವಳ ಮೇಲೆ ಕೇಸು ಬೇಡ. ಉಳಿದಿದ್ದು ನಾನು ಹೇಳಲ್ಲ.”

ಸಿಸ್ಟರ್ ಹೇಳಿಕೆಗೆ ಸಹಿ ಹಾಕಿದರು. ಹೊರಗೆ ಬಂದ ಮೇಲೆ ದಫೇದಾರಮ್ಮ “ಬೈದುಬಿಡೋಣ ಅಂತ ಸಿದ್ಧವಾಗಿ ಬಂದಿದ್ದೆ ಸಾರ್. ಆಗಲಿಲ್ಲ” ಎಂದರು. ಇನ್ಸ್‌ಪೆಕ್ಟರಿಗೂ ಹಾಗೇ ಆಗಿತ್ತು.

ಮತ್ತೆ ಆರೈಕೆ ಕೇಂದ್ರ, ಮಧ್ಯಾಹ್ನ ಎರಡೂವರೆ. ಹೊಸಬಳು ತಿರುಗಿಸುತ್ತಿದ್ದ ಮುದುಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹೋದ ವಾರ ಹೊಸಬಳು ಒಬ್ಬಳೇ ತಿರುಗಿಸುವಾಗ ಜಾರಿ ಕೈ ಉಳುಕಿತ್ತು. ಅವರಿಗೆ ಅರಳುಮರಳು, ಹೇಳಿದ್ದನ್ನು ನಂಬಬೇಡಿ ಎಂದು ಮ್ಯಾನೇಜರ್ ಮೊದಲೇ ಎಚ್ಚರಿಸಿದ್ದರು. ಇನ್ಸ್‌ಪೆಕ್ಟರ್ ಪರೀಕ್ಷೆಗೆಂದು ಇವತ್ತು ಯಾವ ವಾರ ಎಂದು ಕೇಳಿದರು.

“ಬುಧವಾರ. ನಿಮ್ಮ ಅಂಗಿ ಗುಂಡಿ ಒಂದು ಮನೆ ಮೇಲೆ ಹಾಕಿದೀರಿ” ಎಂದರು ಮೇಷ್ಟ್ರು.

ದಫೇದಾರಮ್ಮ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡರು. ಇನ್ಸ್‌ಪೆಕ್ಟರ್ ಗುಂಡಿ ಸರಿಮಾಡಿಕೊಂಡು ಮುಂದಿನ ಪ್ರಶ್ನೆಗೆ ಬಂದರು.

“ನಿನ್ನೆ ಆ ಹೊತ್ತಿಗೆ ಹೊಸಬಳು ಎಲ್ಲಿದ್ದಳು?”

“ನನ್ನ ಮೈ ಒರೆಸ್ತಿದ್ಳು. ಆ ಕೋಣೇಲಿ ದಡ್ ಅಂತು. ಓಡಿದ್ಳು. ಆಮೇಲೆ ಬಂದು ನನ್ನ ಒದ್ದೆ ಮೈ ತಣ್ಣಗಾಗಿದೆ ಅಂತ ಕಂಬಳಿ ಹೊದಿಸಿದ್ಳು.”

“ಇದನ್ನ ಯಾರಿಗಾದ್ರೂ ಹೇಳಿದ್ರಾ?”

“ಇಲ್ಲಿ ನನ್ನ ತಿರುಗಿಸೋರು ಇದಾರೆ, ಕೇಳೋರು ಇಲ್ಲ.”

“ಅವಳು ಬೆಲ್ ಹೊಡೆದ್ರೆ ಜೋಡಿ ಬರ್ತಾರಾ?”

“ಬರಲ್ಲ. ಅವಳು ಹೊಡೆದು ಹೊಡೆದು ಸುಸ್ತಾಗಿ ಬಿಟ್ಟಮೇಲೆ, ಯಾರೂ ನೋಡದೆ ಇರೋವಾಗ, ಒಬ್ಬಳು ಬರ್ತಿದ್ಳು. ತೋಳಿನ ಮೇಲೆ ಎರಡು ದಿಂಬಿನ ಚೀಲ ಹಾಕ್ಕೊಂಡು, ಅದನ್ನ ಬದಲಾಯಿಸೋಕೆ ಬಂದ ಹಾಗೆ. ಆ ಕಡೆ ನಿಂತು ಒಂದು ಸಲ ಎಳೆದು ಹೋಗೋಳು. ಮಾತಿಲ್ಲ ಕತೆಯಿಲ್ಲ. ನನ್ನ ಕೈ ಉಳುಕಿದ ದಿನ ಮಾತ್ರ ಬರೋಕಾಗಲಿಲ್ಲ.”

“ಯಾರು?”

ಮೇಷ್ಟ್ರು ತಮಗೆ ಊಟ ತಿನ್ನಿಸಲು ಬರುತ್ತಿದ್ದ ಹೊಸಬಳನ್ನು ನೋಡಿದರು. ಅವಳು ಬಟ್ಟಲು ಹಿಡಿದು ಅಲ್ಲೇ ನಿಂತುಬಿಟ್ಟಳು. ಕಣ್ಣಲ್ಲೇ ಬೇಡ ಎಂದಳು. ಮೇಷ್ಟ್ರು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತೋಳಿನ ಮೇಲೆ ಒಗೆದ ಬಟ್ಟೆ ಹಾಕಿಕೊಂಡು ಓಡಾಡುವವಳು, ಬಟ್ಟೆ ಕೋಣೆಯ ಬೀಗದ ಕೈ ಇಟ್ಟುಕೊಂಡವಳು, ಅಲ್ಲಿ ಒಬ್ಬಳೇ, ಬಟ್ಟೆ ಒಗೆಯುವವಳು.

ಆಕೆ ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದಳು. ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಹಿಂದಿನ ದಿನ ವಿಚಾರಿಸಿದಾಗ ತಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ, ಏನೂ ಕೇಳಿಸಲಿಲ್ಲ ಎಂದಿದ್ದಳು. ಈಗಲೂ ಹಿತ್ತಲಲ್ಲೇ ಇದ್ದಳು. ಹಗ್ಗದ ಮೇಲಿನ ಹಾಸುಬಟ್ಟೆಗಳನ್ನು ಎಳೆದು ಬುಟ್ಟಿಗೆ ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಒಂದು ಬಟ್ಟೆಯ ಎರಡು ಮೂಲೆಗಳನ್ನು ದಫೇದಾರಮ್ಮನ ಕಡೆ ಚಾಚಿದಳು.

“ಆ ತುದಿ ಹಿಡ್ಕೋತೀರಾ? ಒಬ್ಬಳೇ ಮಡಚಿದ್ರೆ ಸುಕ್ಕಾಗತ್ತೆ.”

ದಫೇದಾರಮ್ಮ ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಡಿದರು. ಇಬ್ಬರೂ ಬಟ್ಟೆ ಕೊಡವಿದರು.

“ಹೊಸಬಳು ತಾನೇ ತಳ್ಳಿದ್ದು ಅಂತ ಹೇಳಿದಾಳೆ ಚಿಕ್ಕಮ್ಮ” ಎಂದರು ಇನ್ಸ್‌ಪೆಕ್ಟರ್.

ಬಟ್ಟೆ ನಡುವೆ ಒಮ್ಮೆ ಜೋತು ಬಿದ್ದು ಮತ್ತೆ ಬಿಗಿಯಾಯಿತು.

“ಯಾಕಂತೆ?”

“ಯಾಕೆ ಅಂತ ಹೇಳಲಿಲ್ಲ. ಇಡೀ ವರ್ಷದಲ್ಲಿ ಅವಳ ಜೊತೆ ಕೈ ಹಾಕಿದವರು ಒಬ್ಬರೇ. ಅವರನ್ನ ಉಳಿಸ್ಕೋಬೇಕು ಅಂತ ಇರಬಹುದು.”

ಚಿಕ್ಕಮ್ಮ ಬಟ್ಟೆಯನ್ನು ಅರ್ಧ ಮಡಚಿ ದಫೇದಾರಮ್ಮನ ಕೈಯಿಂದ ಆ ತುದಿಯನ್ನೂ ತೆಗೆದುಕೊಂಡಳು. ಬುಟ್ಟಿಯಲ್ಲಿಟ್ಟು, ಮೇಲೆ ಕೈಯಾಡಿಸಿ ನಯ ಮಾಡಿದಳು.

“ಅವಳಲ್ಲ ಸಾರ್. ನಾನು.”

“ಹೇಗಾಯ್ತು, ಹೇಳಿ.”

“ಮೇಷ್ಟ್ರ ಮನೆಯವರು ಇವತ್ತು ಬರೋರಿದ್ರು. ಜಾರಿದ್ದು ಹೊಸಬಳ ತಪ್ಪು, ಕೆಲಸದಿಂದ ತೆಗೀತೀವಿ ಅಂತ ಅವರ ಮುಂದೆ ಹೇಳೋದು ಅಂತ ಆಗಿತ್ತು. ಸಿಸ್ಟರ್ ಬಟ್ಟೆ ಕೋಣೆಗೆ ಬಂದಾಗ ನಾನು ಕೇಳ್ದೆ. ಜೋಡಿ ಹೋಗಬೇಡಿ ಅಂದವಳು ನೀನು, ನಾನೇ ಅವರ ಮುಂದೆ ಹೇಳ್ತೀನಿ ಅಂದೆ. ಸಿಸ್ಟರ್ ನರ್ಸಾಗಿ ಬಂದಾಗ ಅವಳಿಗೆ ಹಾಸಿಗೆ ಹಾಸೋಕೆ ಕಲಿಸಿದವಳು ನಾನು. ನನ್ನ ಮಾತು ಕೇಳ್ತಾಳೆ ಅಂದ್ಕೊಂಡಿದ್ದೆ.”

“ಏನಂದ್ರು?”

“ಸಿಟ್ಟು ಮಾಡ್ಲಿಲ್ಲ. ನಾನು ಹೋಗಬೇಡಿ ಅಂದೆ ಸರಿ, ಹೋಗದೇ ಇದ್ದಿದ್ದು ಯಾರ ಕಾಲು ಚಿಕ್ಕಮ್ಮ ಅಂದ್ಳು. ಇವಳಿಗಿಂತ ಮುಂಚೆ ಇದ್ದ ಹುಡುಗಿ ಅಳ್ತಾ ಕೆಲಸ ಬಿಟ್ಟು ಹೋದ್ಳಲ್ಲ, ನೀನು ಆಗ ಏನು ಮಾಡ್ತಿದ್ದೆ? ಇಲ್ಲೇ ನಿಂತ್ಕೊಂಡು ದಿಂಬಿನ ಚೀಲ ಮಡಚ್ತಿದ್ದೆ ಅಂದ್ಳು.”

“ಆಮೇಲೆ?”

“ಸುಳ್ಳು ಹೇಳಿದ್ರೆ ತಡ್ಕೋತಿದ್ದೆ. ಅವಳು ನಿಜ ಹೇಳಿದ್ಳು. ಕೇಳಿಸ್ಕೊಳ್ಳೋಕೆ ಆಗಲಿಲ್ಲ. ಎರಡೂ ಕೈಲಿ ತಳ್ಳಿಬಿಟ್ಟೆ.”

ಒಗೆದ ಬಟ್ಟೆಗಳು ಹಗ್ಗದ ಮೇಲೆ ಅಲುಗಾಡುತ್ತಿದ್ದವು. ಚಿಕ್ಕಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ನೀರು, ಸೋಪಿನಲ್ಲಿ ಬೆಳ್ಳಗೆ ಸವೆದ ಕೈಗಳು.

“ರಕ್ತ ನೋಡಿ ಓಡಿಬಂದೆ. ಸತ್ತೇ ಹೋದ್ಳು ಅಂದ್ಕೊಂಡೆ. ನಾನು ಹೊರಗೆ ಬರೋದನ್ನ ಆ ಹುಡುಗಿ ನೋಡಿದ್ಳು.”

“ನಿನ್ನೆ ಅವಳ ಮೇಲೆ ಅಪವಾದ ಬಂದಾಗಲಾದ್ರೂ ಹೇಳಬಹುದಿತ್ತಲ್ಲ?” ದಫೇದಾರಮ್ಮನ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು.

“ಹೇಳೋಣ ಅಂತಲೇ ಬಂದೆ ತಾಯಿ. ಮ್ಯಾನೇಜರ್ ಕೋಣೆ ಬಾಗಿಲ ತನಕ ಬಂದೆ. ಬಾಯಿ ತೆರೀಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮುಚ್ಚಿದ ಬಾಯಿ.”

ದಫೇದಾರಮ್ಮ ಇನ್ನೊಂದು ಹಾಸುಬಟ್ಟೆಯನ್ನು ತಾವೇ ಹಗ್ಗದಿಂದ ಎಳೆದು, ಅದರ ತುದಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಉಳಿದಿದ್ದನ್ನೆಲ್ಲ ಮಡಚಿ ಮುಗಿಸುವವರೆಗೆ ಇನ್ಸ್‌ಪೆಕ್ಟರ್ ಕಾದರು. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯೋ ಇಲ್ಲವೋ, ಅವರು ನೋಡಲು ಹೋಗಲಿಲ್ಲ.

ಮೂರು ಐವತ್ತಕ್ಕೆ ದಸ್ತಗಿರಿಯ ಕಾಗದಗಳಿಗೆ ಸಹಿಯಾಯಿತು. ಜೀಪಿಗೆ ಹೋಗಬೇಕಾದರೆ ಹಾಲ್ ದಾಟಿಯೇ ಹೋಗಬೇಕು. ಕೆಲಸದವರೆಲ್ಲ ಕೈಲಿದ್ದ ಕೆಲಸ ಬಿಟ್ಟು ನಿಂತಿದ್ದರು. ನಿನ್ನೆ ಒಂದೇ ಬಾಯಲ್ಲಿ ಹೊಸಬಳ ಕಡೆ ಬೊಟ್ಟು ಮಾಡಿದವರು ಇವತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮ್ಯಾನೇಜರ್ ಮಾತ್ರ “ಇವರಾ? ಇಷ್ಟು ವರ್ಷದಿಂದ ಒಂದು ಮಾತು ಎದುರಾಡಿದವರಲ್ಲ” ಎಂದರು.

“ಅದನ್ನೇ ವರದೀಲಿ ಬರೀತೀ‌ನಿ” ಎಂದರು ಇನ್ಸ್‌ಪೆಕ್ಟರ್. “ಹನ್ನೆರಡು ಜನರನ್ನ ಆರು ಮಾಡಿದ್ದು ಯಾರು ಅಂತಾನೂ ಬರೀತೀನಿ. ನಿಮ್ಮನ್ನ ಒಳಗೆ ಹಾಕೋಕೆ ನನ್ನ ಹತ್ರ ಯಾವ ಕಲಂ ಇಲ್ಲ. ಇದ್ದಿದ್ರೆ ಚೆನ್ನಾಗಿತ್ತು.”

ಮೇಷ್ಟ್ರ ಹಾಸಿಗೆಯ ಹತ್ತಿರ ಹೊಸಬಳು ಸರಳಿಗೆ ಗಂಟು ಹಾಕುತ್ತಿದ್ದಳು. ನಾಲ್ಕು ಗಂಟೆಯ ಸರದಿ. ಚಿಕ್ಕಮ್ಮ ನಿಂತಳು, ಇನ್ಸ್‌ಪೆಕ್ಟರ್ ಮುಖ ನೋಡಿದಳು. ಇನ್ಸ್‌ಪೆಕ್ಟರ್ ತಲೆಯಾಡಿಸಿದರು.

ಚಿಕ್ಕಮ್ಮ ಆ ಕಡೆ ಹೋಗಿ ನಿಂತು ಸರಳಿನ ಗಂಟನ್ನು ಬಿಚ್ಚಿದಳು. ಈ ಸಲ ತೋಳಿನ ಮೇಲೆ ದಿಂಬಿನ ಚೀಲ ಇರಲಿಲ್ಲ, ಎಲ್ಲರೂ ನೋಡುತ್ತಿದ್ದರು. “ಒಂದು, ಎರಡು” ಎಂದಳು. ಮೇಷ್ಟ್ರು ಒಂದಿಷ್ಟೂ ನರಳದೆ ಎಡ ಮಗ್ಗುಲಿಗೆ ಹೊರಳಿದರು. ಹೊಸಬಳು ದಿಂಬು ಇಟ್ಟಳು, ಚಿಕ್ಕಮ್ಮ ಹಿಮ್ಮಡಿ ಕೆಳಗೆ ಟವೆಲ್ ಇಟ್ಟಳು. ಹೊಸಬಳು ಆಗ ಅಳತೊಡಗಿದಳು.

“ನೀವು ಯಾಕೆ ಹೇಳಿದ್ರಿ ಚಿಕ್ಕಮ್ಮ?”

“ನೀನು ಯಾಕೆ ಹೇಳಿದೆ ಮತ್ತೆ?” ಎಂದಳು ಚಿಕ್ಕಮ್ಮ. ಅವಳ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, ಯಾರೊಬ್ಬರನ್ನೂ ನೋಡದೆ, “ಆರು ಗಂಟೆಗೆ ಮತ್ತೆ ತಿರುಗಿಸಬೇಕು” ಎಂದು ಹೇಳಿ ನಡೆದಳು.

ಠಾಣೆಯಲ್ಲಿ ಚಿಕ್ಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಗಳಿಗೆ ಸುದ್ದಿ ಮುಟ್ಟಿಸಲಾಗಿತ್ತು. ಅಳಿಯ ವಕೀಲರನ್ನು ಹುಡುಕಿಕೊಂಡು ಹೋಗಿದ್ದ. ನಾಳೆ ಕೋರ್ಟಿಗೆ ಹಾಜರುಪಡಿಸುತ್ತೇವೆ, ಸಿಸ್ಟರ್ ಹುಷಾರಾಗಿರುವುದರಿಂದ ಜಾಮೀನು ಸಿಗಬಹುದು ಎಂದು ದಫೇದಾರಮ್ಮ ಸಮಾಧಾನ ಹೇಳಿದರು. ಆಕೆ ಅದನ್ನು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಕೊಟ್ಟ ಟೀ ಆರಿಹೋಗಿತ್ತು. ಕಣ್ಣು ಗೋಡೆ ಗಡಿಯಾರದ ಮೇಲೇ ಇತ್ತು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆಯುತ್ತಿದ್ದರು. ‘ಕೃತ್ಯಕ್ಕೆ ಕಾರಣ’ ಎಂಬಲ್ಲಿ ‘ಹಠಾತ್ ಕೋಪ’ ಎಂದು ಬರೆದು, ಹೊಡೆದುಹಾಕಿ, ‘ದೀರ್ಘಕಾಲದ ಮೌನ’ ಎಂದು ಬರೆದರು. ಮೇಲಧಿಕಾರಿಗಳು ಇದನ್ನು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಆದರೂ ಹಾಗೇ ಬಿಟ್ಟರು.

ಆರು ಹೊಡೆದು ಐದು ನಿಮಿಷಕ್ಕೆ ಅವರು ಆರೈಕೆ ಕೇಂದ್ರಕ್ಕೆ ಫೋನ್ ಮಾಡಿದರು. ಕೇಳಲು ಒಂದು ನೆಪ ಇಟ್ಟುಕೊಂಡಿದ್ದರು, ಬಟ್ಟೆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು. ಫೋನ್ ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ಎತ್ತಿದವಳು ಅಡುಗೆಯವಳು.

“ಯಾರೂ ಇಲ್ವೇನಮ್ಮ ಅಲ್ಲಿ?”

“ಇದಾರೆ ಸಾರ್. ಎಲ್ಲಾರಿಗೂ ಕೈತುಂಬಾ ಕೆಲಸ. ಈಗ ತಾನೇ ಬೆಲ್ ಎರಡು ಸಲ ಹೊಡೀತು. ಪೈಲ್ವಾನ ಮೇಷ್ಟ್ರ ಹತ್ರ ಹೋಗಿದಾನೆ.”

“ಮೇಷ್ಟ್ರ ಹತ್ರಾನಾ?”

“ಹೂಂ ಸಾರ್. ಹೊಸಬಳ ಜೊತೆ.”

ಇನ್ಸ್‌ಪೆಕ್ಟರ್ ನೆಪ ಮರೆತು ಫೋನ್ ಇಟ್ಟರು. ಎದ್ದು ಹೋಗಿ ಚಿಕ್ಕಮ್ಮನ ಮುಂದೆ ನಿಂತರು.

“ಪೈಲ್ವಾನ ಹೋಗಿದಾನೆ” ಎಂದರು.

ಚಿಕ್ಕಮ್ಮ ಮೊದಲು ನಂಬಲಿಲ್ಲ. ಅವರ ಮುಖವನ್ನೇ ನೋಡುತ್ತಾ ಕೂತಳು. “ಬೆಲ್ ಹೊಡೆದ ತಕ್ಷಣಾನಾ?”

“ತಕ್ಷಣ.”

“ಅವನ ಕೈ ಒರಟು. ಹಿಮ್ಮಡಿ ಕೆಳಗೆ ಬಟ್ಟೆ ಇಡೋದು ಮರೀತಾನೆ” ಎಂದಳು. ಆಮೇಲೆ ಮತ್ತೆ ಗಡಿಯಾರ ನೋಡಿದಳು. “ಇಷ್ಟೇನಾ ಸಾರ್? ಒಬ್ಬರು ಎದ್ದು ಹೋಗಿದ್ರೆ ಸಾಕಾಗಿತ್ತಾ?”

ದಫೇದಾರಮ್ಮ ಆರಿದ ಟೀ ಚೆಲ್ಲಿ ಬಿಸಿಯದನ್ನು ತಂದು ಆಕೆಯ ಪಕ್ಕದಲ್ಲಿ ಕೂತರು.